ಏಳು ಗಂಟೆಗೆ ಬಿಸಿ ಮಾಡಿಕೋ

ಏಪ್ರಿಲ್ ೯, ಮಂಗಳವಾರ

ಇವತ್ತು ಆರೋಗ್ಯ ಕೇಂದ್ರದಲ್ಲಿ ನನ್ನ ಮರ್ಯಾದೆ ಹರಾಜಾಯಿತು. ಹರಾಜು ಕೂಗಿದವನೂ ನಾನೇ.

ನನ್ನ ಹೆಂಡತಿ ಎರ್ಸಿರಾಳ ಎಡಗಾಲಿನ ಕಿರುಬೆರಳು ಒಂದು ತಿಂಗಳಿಂದ ಕಪ್ಪಗಾಗುತ್ತಿದೆ. ಡಾಕ್ಟರು ಪೆನ್ನಿನ ತುದಿಯಿಂದ ಅದನ್ನು ಒತ್ತಿ, ನೋಯುತ್ತದೆಯೇ ಎಂದು ಕೇಳಿದರು. ಅವಳು ಇಲ್ಲ ಎಂದು ತಲೆಯಾಡಿಸಿದಳು. ಅದು ಒಳ್ಳೆಯ ಸುದ್ದಿ ಎಂದುಕೊಂಡೆ. ಅಲ್ಲವಂತೆ, ನರ ಸಾಯುತ್ತಿದೆ ಎಂದರ್ಥವಂತೆ. ಮೂರು ತಿಂಗಳೊಳಗೆ ರಕ್ತದ ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ, ಬೆರಳಿಗೇ ನಿಲ್ಲುತ್ತದೆ ಎಂದು ಮಾತು ಕೊಡಲಾರೆ, ಕೆಲವರಿಗೆ ಪಾದವೇ ಹೋಗುತ್ತದೆ ಎಂದರು. ಆಮೇಲೆ ಆಹಾರದ ಸಲಹೆ ಕೊಡುವ ಕೋಣೆಗೆ ಕಳಿಸಿದರು.

ಅಲ್ಲಿ ಹೊಸ ಹುಡುಗಿ ಕೂತಿದ್ದಳು, ಯುಸ್ಮಾರಿ ಅಂತ. ವೆನೆಸುವೆಲಾದವಳು, ಚಿಲಿಗೆ ಬಂದು ವರ್ಷ ತುಂಬಿಲ್ಲ. ರಾತ್ರಿ ಊಟಕ್ಕೆ ಏನು ತಿನ್ನುತ್ತೀರಿ ಎಂದು ಎರ್ಸಿರಾಳನ್ನು ಕೇಳಿದಳು. ಆ ಕೋಣೆಯಲ್ಲಿ ಆರು ವರ್ಷದಿಂದ ಉತ್ತರ ಹೇಳುವವನು ನಾನೇ. ನನ್ನ ಹೆಂಡತಿಗೆ ಬಿಳಿ ಅಂಗಿಯವರ ಮುಂದೆ ನಾಲಿಗೆ ಏಳುವುದಿಲ್ಲ.

"ರಾತ್ರಿ ಊಟ ಅನ್ನೋದೇ ಇಲ್ಲಮ್ಮ ನಮ್ಮನೇಲಿ," ಅಂದೆ. "ನಾನೇ ಸಾಕ್ಷಿ."

"ಹಾಗಾದ್ರೆ ಮಧ್ಯಾಹ್ನ ಉಂಡ್ರೆ ಬೆಳಿಗ್ಗೆ ತನಕ ಉಪವಾಸಾನಾ?"

"ಉಪವಾಸ ಯಾಕೆ? ಸಂಜೆ ಓನ್ಸೆ ಇರುತ್ತಲ್ಲ. ಬರೀ ಟೀ."

"ಟೀ ಜೊತೆಗೆ?"

ಜೊತೆಗೆ ಬ್ರೆಡ್ಡು. ಎಷ್ಟು? ಎರಡು, ಚಳಿಯಿದ್ದರೆ ಮೂರು. ಬ್ರೆಡ್ಡಿನ ಮೇಲೆ? ಮಸೆದ ಬೆಣ್ಣೆಹಣ್ಣು, ಚೀಸು, ಹಂದಿಮಾಂಸದ ಬಿಲ್ಲೆ, ಕೊನೆಗೊಂದಕ್ಕೆ ಜಾಮು. ಟೀಗೆ ಸಕ್ಕರೆ? ಮೂರು ಚಮಚ. ಯಾರಾದರೂ ಬಂದರೆ ಕೇಕು. ಯಾರಾದರೂ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ದಿನಾ.

ಹುಡುಗಿ ಪೆನ್ನು ಕೆಳಗಿಟ್ಟಳು. ಆರು ವರ್ಷದ ಕಡತ ತಿರುವಿದಳು. ಪ್ರತಿ ಪುಟದಲ್ಲೂ 'ರಾತ್ರಿ: ಏನೂ ಇಲ್ಲ' ಎಂದು ಬರೆದಿತ್ತು. ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವರೆಲ್ಲ ನಮ್ಮವರೇ, ಚಿಲಿಯವರೇ. ಅವರ ಮನೆಯಲ್ಲೂ ಓನ್ಸೆಯನ್ನು ಊಟವೆಂದು ಯಾರೂ ಎಣಿಸುವುದಿಲ್ಲ, ಹಾಗಾಗಿ ಒಬ್ಬರೂ ಮುಂದಕ್ಕೆ ಕೇಳಿರಲಿಲ್ಲ. ಏನೂ ತಿನ್ನದ ಹೆಂಗಸಿಗೆ ಸಕ್ಕರೆ ಏಕೆ ಏರುತ್ತದೆಂದು ತಿಳಿಯದೆ ಡಾಕ್ಟರು ಮಾತ್ರೆ ಬದಲಿಸುತ್ತ ಹೋದರು. ಸಾಕ್ಷಿ ಹೇಳಿದವನು ನಾನು.

ಸಂಜೆ ತಿಂದದ್ದನ್ನೆಲ್ಲ ದಿನವೂ ಬರೆದು ತರಬೇಕಂತೆ. ಎರಡು ನೋಟುಪುಸ್ತಕ ಕೊಂಡೆ. ಒಂದು ಆ ಹುಡುಗಿಗೆ. ಇದು ನನಗೆ.

ಏಪ್ರಿಲ್ ೧೧, ಗುರುವಾರ

ಕಾಯಿದೆ ಜಾರಿಯಾಯಿತು. ಇನ್ನು ಈ ಮನೆಯಲ್ಲಿ ಓನ್ಸೆ ಇಲ್ಲ. ಬ್ರೆಡ್ಡಿನ ಚೀಲ, ಜಾಮಿನ ಸೀಸೆ, ಟೀ ಕೆಟಲು, ಪಿಂಗಾಣಿ ಬಟ್ಟಲು, ಮೇಜಿನ ಹೂವಿನ ಹೊದಿಕೆ, ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದೆ. ಕಣ್ಣಿಗೆ ಬಿದ್ದರೆ ತಾನೇ ಆಸೆ.

ಪಕ್ಕದ ಮನೆಯ ಅಬ್ದೋನ್‌ಗೂ ಹೇಳಿಬಂದೆ. ಮೀನುಗಾರನಾಗಿದ್ದವನು, ಈಗ ದೋಣಿ ಬಿಟ್ಟಿದ್ದಾನೆ. ಹೆಂಡತಿ ತೀರಿಹೋದ ಮೇಲೆ ನಾಲ್ಕು ವರ್ಷದಿಂದ ಸಂಜೆ ಏಳಕ್ಕೆ ನಮ್ಮ ಮೇಜಿಗೇ ಬಂದು ಕೂರುತ್ತಾನೆ. ಎರ್ಸಿರಾಗೆ ಹುಷಾರಿಲ್ಲ, ಸ್ವಲ್ಪ ಕಾಲ ಬರಬೇಡ ಎಂದೆ. ಯಾಕೆ, ಏನು ಎಂದು ಕೇಳದೆ ಟೋಪಿ ತೆಗೆದು ಸರಿ ಎಂದ.

ಎರ್ಸಿರಾ ಕಾಲು ಚಾಚಿಕೊಂಡು ಕುಳಿತು ನಾನು ಅಟ್ಟ ಹತ್ತುವುದನ್ನೂ ಇಳಿಯುವುದನ್ನೂ ನೋಡಿದಳು. ಒಂದು ಮಾತಿಲ್ಲ. ಒಪ್ಪಿಗೆಯೆಂದೇ ತಿಳಿದುಕೊಂಡೆ.

ನನ್ನ ಪಾಳಿ ಮಧ್ಯಾಹ್ನ ಮೂರರಿಂದ, ಬಂದರಿನಲ್ಲಿ ಕಂಟೇನರ್ ಎತ್ತುವ ಯಂತ್ರ ಓಡಿಸುವ ಕೆಲಸ. ಸಂಜೆ ಮನೆಯಲ್ಲಿರುವುದಿಲ್ಲ. ಆದ್ದರಿಂದ ಬೆಳಿಗ್ಗೆಯೇ ಅಡುಗೆ ಮಾಡಿಡುತ್ತೇನೆ, ಅವಳು ಏಳು ಗಂಟೆಗೆ ಬಿಸಿ ಮಾಡಿಕೊಂಡು ತಿಂದರಾಯಿತು. ಹಗುರವಾದದ್ದು, ಸುಲಭವಾದದ್ದು, ಬಿಸಿ ಮಾಡಿದರೆ ಕೆಡದಂಥದ್ದು, ಇಷ್ಟೇ ತಾನೇ ಹುಡುಗಿ ಹೇಳಿದ್ದು. ನಲವತ್ತು ಟನ್ ಎತ್ತುವವನಿಗೆ ಒಂದು ಕುಂಬಳಕಾಯಿ ಹೆಚ್ಚುವುದು ಕಷ್ಟವೇ?

ಕಷ್ಟ. ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬರೆಯುತ್ತಿದ್ದೇನೆ.

ಏಪ್ರಿಲ್ ೨೨, ಸೋಮವಾರ

ಕೈ ಕುದುರುತ್ತಿದೆ. ಸೋಮವಾರ ಮಸೂರಕಾಳಿನ ಸಾರು, ಅದೇ ಮಂಗಳವಾರಕ್ಕೂ. ಬುಧವಾರ ಕುಂಬಳ, ಆಲೂಗಡ್ಡೆ, ಒಂದು ಹಿಡಿ ಮಾಂಸ ಹಾಕಿ ಮಸೆದ ಚಾರ್ಕಿಕಾನ್, ಗುರುವಾರಕ್ಕೂ ಅದೇ. ಶುಕ್ರವಾರ ಸೊಪ್ಪಿನ ಪಲ್ಯ. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ: ಏಳು ಗಂಟೆಗೆ ಬಿಸಿ ಮಾಡಿಕೋ, ಸಣ್ಣ ಉರಿ, ಎರಡು ಸೌಟು, ಬ್ರೆಡ್ ಇಲ್ಲ.

ಬೆಳಿಗ್ಗೆ ಎದ್ದರೆ ಪಾತ್ರೆ ಖಾಲಿ, ತೊಳೆದು ಬೋರಲು ಹಾಕಿರುತ್ತದೆ. ಹೇಗಿತ್ತು ಎಂದರೆ ಚೆನ್ನಾಗಿತ್ತು ಎನ್ನುತ್ತಾಳೆ. ಹೆಚ್ಚು ಮಾತಿಲ್ಲ. ಮೊದಲಾದರೆ ನಾನು ಹಲ್ಲುಜ್ಜುವುದರೊಳಗೆ ನಾವಿರುವ ಗುಡ್ಡದ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದಳು: ಯಾರ ಮಗಳು ಯಾರ ಜೊತೆ, ಯಾರ ಮನೆಗೆ ಕೊಳಾಯಿ ಬಂತು. ಈಗ ಸುದ್ದಿಯೇ ಇಲ್ಲವಂತೆ. ಪಥ್ಯ ಮಾಡುವವರು ಹೀಗೆಯೇ ಸಪ್ಪಗಾಗುತ್ತಾರೆ, ಸರಿಹೋಗುತ್ತದೆ.

ಮೇ ೧೪, ಮಂಗಳವಾರ

ಸಕ್ಕರೆ ಇಳಿದಿಲ್ಲ. ಹತ್ತು ಅಂಕಿ ಏರಿದೆ.

ಯುಸ್ಮಾರಿ ನಾನು ಅವಳಿಗೆಂದು ಬರೆದ ನೋಟುಪುಸ್ತಕ ಓದಿ, ಇದೆಲ್ಲ ನಿಜವೇ ಎಂದಳು. ನನಗೆ ರೇಗಿತು. ನಿಮ್ಮ ಯಂತ್ರವೇ ಸರಿಯಿಲ್ಲ ಎಂದುಬಿಟ್ಟೆ. ಎರ್ಸಿರಾ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು.

ನಾಳೆಯಿಂದ ಚಾರ್ಕಿಕಾನ್‌ಗೆ ಆಲೂಗಡ್ಡೆ ಬಂದ್. ಸೌಟೂ ಒಂದೂವರೆ.

ಮೇ ೨೩, ಗುರುವಾರ

ಬೆರಳಿನ ಕಪ್ಪು ಪಕ್ಕದ ಚರ್ಮಕ್ಕೆ ಹತ್ತಿದೆ. ರಾತ್ರಿ ಅವಳು ಮಲಗಿದ್ದಾಗ ಹೊದಿಕೆ ಸರಿಸಿ ನೋಡಿದೆ. ಭಯವಾಯಿತು.

ಜೂನ್ ೪, ಮಂಗಳವಾರ

ಬೆಳಿಗ್ಗೆ ಕಸ ಹಾಕಲು ಹೋದಾಗ ಅಬ್ದೋನ್ ಬೇಲಿಯ ಹತ್ತಿರ ನಿಂತಿದ್ದ. ಮೈಕೈ ತುಂಬಿಕೊಂಡಿದ್ದಾನೆ, ಮುಖದಲ್ಲಿ ಕಳೆ ಬಂದಿದೆ. ನನ್ನ ಕೈ ಹಿಡಿದು ಕುಲುಕಿದ.

"ನಿನ್ನೆ ಮಸೂರಕ್ಕೆ ಜೀರಿಗೆ ಕಮ್ಮಿ ಆಗಿತ್ತು ಬೆತೊ," ಅಂದ. "ಆದ್ರೂ ಗುರುವಾರದ ಚಾರ್ಕಿಕಾನ್ ಇತ್ತಲ್ಲ, ನನ್ ಹೆಂಡ್ತಿನೂ ಹಾಗೆ ಮಾಡ್ತಿರ್ಲಿಲ್ಲ. ದೇವ್ರು ನಿನ್ ಕೈ ತಣ್ಣಗಿಡ್ಲಿ."

ನಾನು ಕಸದ ಚೀಲವನ್ನು ಹಿಡಿದುಕೊಂಡೇ ಒಳಗೆ ಬಂದೆ.

ಎರ್ಸಿರಾಳನ್ನು ಕೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಏಪ್ರಿಲಿನಿಂದ ಇದೇ ನಡೆದಿದೆ. ಏಳಕ್ಕೆ ಪಾತ್ರೆ ಬಿಸಿ ಮಾಡಿ, ಕುಂಟಿಕೊಂಡು ಪಕ್ಕದ ಮನೆಗೆ ಒಯ್ಯುತ್ತಾಳೆ. ಅವನು ಸಾರು ಕುಡಿಯುತ್ತಾನೆ. ಇವಳು ಅವನ ಸೀಮೆಎಣ್ಣೆ ಒಲೆಯ ಮೇಲೆ ಕಾಯಿಸಿದ ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚಿ ತಿಂದು, ಟೀ ಕುಡಿದು, ಪಾತ್ರೆ ತೊಳೆದು ಬರುತ್ತಾಳೆ. ಊರಿಗೆಲ್ಲ ಅಡುಗೆಭಟ್ಟನೆಂದು ಬೀಗುತ್ತಿದ್ದ ನಾನು ಪಕ್ಕದ ಮನೆಯ ವಿಧುರನಿಗೆ ಹೊಟ್ಟೆ ತುಂಬಿಸುತ್ತಿದ್ದೆ.

ಕೂಗಾಡಿದೆ. ನಾಳೆ ಕಾಲು ಕತ್ತರಿಸಿದ ಮೇಲೆ ಹೆಗಲ ಮೇಲೆ ಹೊತ್ತುಕೊಂಡು ತಿರುಗಬೇಕಾದವನು ನಾನು, ಅಬ್ದೋನ್ ಅಲ್ಲ ಎಂದೆ. ಇನ್ನೂ ಒಂದು ಮಾತು ಅಂದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎರ್ಸಿರಾ ಮಡಿಲಲ್ಲಿ ಕೈ ಇಟ್ಟುಕೊಂಡು ಪೂರ್ತಿ ಕೇಳಿಸಿಕೊಂಡಳು. ಮುಗಿಯಿತಾ ಎಂದಳು. ಎದ್ದು ಮಲಗುವ ಕೋಣೆಗೆ ಹೋದಳು.

ಜೂನ್ ೬, ಗುರುವಾರ

ಮಾತಿಲ್ಲ. ಅಡುಗೆಯೂ ಇಲ್ಲ.

ಜೂನ್ ೧೨, ಬುಧವಾರ

ಶನಿವಾರ ಜ್ವರ ಬಂತು. ಭಾನುವಾರ ಆಸ್ಪತ್ರೆ. ನಿನ್ನೆ ಕಿರುಬೆರಳನ್ನು ತೆಗೆದರು.

ಶಸ್ತ್ರವೈದ್ಯರು ಗಾಯವನ್ನು ಹೊಲಿದಿಲ್ಲ. ತಾನಾಗಿಯೇ ತುಂಬಿಕೊಳ್ಳಬೇಕಂತೆ. ಸಕ್ಕರೆ ಇಳಿದರೆ ತುಂಬುತ್ತದೆ. ಸೆಪ್ಟೆಂಬರ್ ಹೊತ್ತಿಗೆ ತುಂಬದಿದ್ದರೆ ಅರ್ಧ ಪಾದ ಹೋಗುತ್ತದೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಮನೆಗೆ ಬಂದಾಗ ಅಬ್ದೋನ್ ನಮ್ಮ ಮೆಟ್ಟಿಲ ಮೇಲೆ ಕೂತಿದ್ದ. ಪಥ್ಯದ ವಿಷಯವೇ ಅವನಿಗೆ ಗೊತ್ತಿರಲಿಲ್ಲ, ನಾನು ಹೇಳಿದ ಮೇಲೆಯೇ ತಿಳಿದದ್ದು. ಗಂಡ ಹೆಚ್ಚು ಮಾಡಿಬಿಟ್ಟಿದ್ದಾನೆ, ಚೆಲ್ಲಿದರೆ ಪಾಪ, ನೀನು ತಿನ್ನು ಎಂದಿದ್ದಳಂತೆ. ಅವನನ್ನು ಹಿಡಿದು ಬಯ್ಯಬೇಕೆಂದು ಆಸ್ಪತ್ರೆಯಿಂದ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

"ಹಾಗಾದ್ರೆ ಆ ಹೆಂಗಸಿನ ಬೆರಳು ತಿಂದೋನು ನಾನೇ ಅಲ್ವೇನೋ," ಅಂದ.

ಎಪ್ಪತ್ತು ದಾಟಿದ ಗಂಡಸು ಟೋಪಿಯಿಂದ ಮುಖ ಒರೆಸಿಕೊಳ್ಳುವುದನ್ನು ನೋಡಿದೆ. ಅವನ ಪಕ್ಕದಲ್ಲಿ ಕೂತೆ. ಬೆರಳು ತಿಂದವರ ಸಾಲಿನಲ್ಲಿ ಅವನು ಎರಡನೆಯವನು, ಮೊದಲನೆಯವನು ಯಾರೆಂದು ನನಗೆ ಗೊತ್ತು.

ಜೂನ್ ೧೮, ಮಂಗಳವಾರ

ಎರ್ಸಿರಾ ಮನೆಗೆ ಬಂದಳು. ಕಾಲನ್ನು ದಿಂಬಿನ ಮೇಲೆ ಇಟ್ಟು ಅಡುಗೆಮನೆಯಲ್ಲೇ ಕೂರಿಸಿದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. ಕೂಗಲಿಲ್ಲ, ಕೂಗಲು ಶಕ್ತಿಯೂ ಇರಲಿಲ್ಲ.

"ಬಿಸಿ ಮಾಡಿದ್ದು ತಿನ್ನೋಕೆ ನಂಗೇನೂ ಬೇಜಾರಿಲ್ಲ ಮುದ್ಕ," ಅಂದಳು. "ಮೊದಲನೇ ದಿನ ಬಿಸಿ ಮಾಡ್ದೆ. ತಟ್ಟೆಗೆ ಹಾಕ್ಕೊಂಡೆ. ಎದುರಿಗೆ ಗೋಡೆ. ಗೋಡೆ ಮೇಲೆ ನಿನ್ ಚೀಟಿ. ಎರಡು ಸೌಟು, ಬ್ರೆಡ್ ಇಲ್ಲ. ಜೈಲಲ್ಲಾದ್ರೂ ಪಕ್ಕದಲ್ಲಿ ಯಾರಾದ್ರೂ ಇರ್ತಾರೆ. ನೀನು ಬ್ರೆಡ್ ತೆಗೆದಿದ್ರೆ ಸಾಕಿತ್ತು. ಓನ್ಸೆನೇ ತೆಗೆದ್ಬಿಟ್ಟೆ."

ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದೆ.

"ಗೊತ್ತು," ಅಂದಳು. "ಅದಕ್ಕೇ ಹೇಳೋಕಾಗ್ಲಿಲ್ಲ."

ಜುಲೈ ೧, ಸೋಮವಾರ

ಬೆಳಗಿನ ಪಾಳಿಗೆ ಬದಲಿಸಿಕೊಂಡೆ. ಸಂಜೆ ಪಾಳಿಯ ಭತ್ಯೆ ಹೋಯಿತು. ಮೇಸ್ತ್ರಿ ನಕ್ಕು, ಏನು ಬೆತೊ, ಈ ವಯಸ್ಸಿನಲ್ಲಿ ಹೆಂಡತಿಯ ಮೇಲೆ ಕಾವಲೋ ಎಂದ. ಹೌದು ಎಂದೆ. ಕಾವಲಿಗೆ ಎಂದೇ ಬದಲಿಸಿಕೊಂಡದ್ದು, ಇನ್ನೇತಕ್ಕೆ.

ಈಗ ಭಾನುವಾರ ಒಮ್ಮೆ, ಬುಧವಾರ ಸಂಜೆ ಒಮ್ಮೆ ಅಡುಗೆ. ಉಳಿದ ದಿನ ಬಿಸಿ ಮಾಡುವುದು. ಇವತ್ತು ಏಳು ಗಂಟೆಗೆ ನಾನೂ ತಟ್ಟೆ ಹಾಕಿಕೊಂಡು ಎದುರಿಗೆ ಕೂತೆ. ನಿನ್ನೆಯ ಕುಂಬಳದ ಸೂಪು. ಒಂದು ಚಮಚ ಬಾಯಿಗಿಟ್ಟೆ. ಗೋಡೆಗೆ ಬಳಿಯುವ ಗಾರೆಯ ಹಾಗೆ ಗಟ್ಟಿಯಾಗಿತ್ತು, ಅಡಿ ಹಿಡಿದ ವಾಸನೆ ಬೇರೆ. ಎರಡು ತಿಂಗಳು ಬೆಳಿಗ್ಗೆ ಒಲೆಯ ಮೇಲಿಂದ ಬಿಸಿಬಿಸಿಯಾಗಿ ರುಚಿ ನೋಡಿ, ಆಹಾ ಎಂದುಕೊಂಡು, ಬಂದರಿನ ಕ್ಯಾಂಟೀನಿನಲ್ಲಿ ಹುರಿದ ಮೀನು ತಿಂದವನು ನಾನು. ಬಿಸಿ ಮಾಡಿದ್ದನ್ನು ಒಂದು ಸಲವೂ ತಿಂದು ನೋಡಿರಲಿಲ್ಲ.

ಇದನ್ನೇ ದಿನಾ ಕೊಟ್ಟೆನಾ ಎಂದು ಕೇಳಿದೆ. ಸೊಪ್ಪಿನ ಪಲ್ಯ ಇದಕ್ಕಿಂತ ಕೆಟ್ಟದಿತ್ತು, ಅಬ್ದೋನ್‌ನ ನಾಯಿಯೂ ಮೂಸಲಿಲ್ಲ ಎಂದಳು. ಮತ್ತೆ ನಗಲು ಶುರು ಮಾಡಿದಳು. ಏಪ್ರಿಲಿನಿಂದ ಈಚೆಗೆ ಇದೇ ಮೊದಲು.

ಜುಲೈ ೧೦, ಬುಧವಾರ

ಕುರ್ಚಿಯಲ್ಲಿ ಕೂತು ಆಜ್ಞೆ ಕೊಡುತ್ತಾಳೆ. ಸೂಪನ್ನು ಮೊದಲ ದಿನ ತೆಳ್ಳಗೇ ಬಿಡು, ಎರಡನೇ ದಿನಕ್ಕೆ ತಾನೇ ಗಟ್ಟಿಯಾಗುತ್ತದೆ. ಕೊತ್ತಂಬರಿ ಬಿಸಿ ಮಾಡಿದ ಮೇಲೆ ಹಾಕು, ಮೊದಲೇ ಹಾಕಿದರೆ ಹುಲ್ಲು. ಸೊಪ್ಪು ಅವತ್ತಿನದು ಅವತ್ತೇ. ಮಸೂರ ಎರಡನೇ ದಿನಕ್ಕೆ ಬಲಿಯುತ್ತದೆ, ಮೂರನೇ ದಿನಕ್ಕೆ ಬಿಡಬೇಡ. ಮೀನನ್ನು ಬಿಸಿ ಮಾಡುವವನು ನೆರೆಹೊರೆಯವರ ಶತ್ರು. ಮೂವತ್ತೊಂದು ವರ್ಷ ಇದೆಲ್ಲ ಅವಳಿಗೆ ಗೊತ್ತಿತ್ತು, ನಾನು ತಟ್ಟೆಯನ್ನಷ್ಟೇ ನೋಡಿದ್ದೆ.

ಅಬ್ದೋನ್‌ನನ್ನು ಕರೆಯಬೇಕೆಂದಳು. ನಾನೇ ಹೋಗಿ ಕರೆದೆ. ಬರಲು ಹಿಂದೆಮುಂದೆ ನೋಡಿದ, ಕೈಯಲ್ಲಿದ್ದ ಬ್ರೆಡ್ಡಿನ ಪೊಟ್ಟಣವನ್ನು ಬಾಗಿಲ ಹಿಂದೆ ಬಚ್ಚಿಟ್ಟ. ಒಂದು ತೆಗೆದುಕೊಂಡು ಬಾ ಎಂದೆ. ಮೂರು ಪಾಲು ಮಾಡಿದೆವು. ಹೂವಿನ ಹೊದಿಕೆಯನ್ನು ಅಟ್ಟದಿಂದ ಇಳಿಸಿದ್ದೇನೆ, ಮೇಜು ಬೋಳಾಗಿದ್ದರೆ ಬಿಸಿ ಪಾತ್ರೆಯ ಕಲೆ ಬೀಳುತ್ತದೆ ಅಷ್ಟೇ.

ಜುಲೈ ೩೦, ಮಂಗಳವಾರ

ಸಕ್ಕರೆ ಇಳಿದಿದೆ, ಬೇಕಾದಷ್ಟಲ್ಲ. ಗಾಯದ ಒಂದು ಅಂಚು ಕೆಂಪಗಿದೆ, ಇನ್ನೊಂದು ಅಂಚು ಬೂದಿ ಬಣ್ಣ. ನರ್ಸು ಬೂದಿ ಬಣ್ಣವನ್ನೇ ಹೆಚ್ಚು ಹೊತ್ತು ನೋಡಿದಳು.

ಎರ್ಸಿರಾ ದಾರಿಯಲ್ಲಿ ಕೇಳಿದಳು, ಅರ್ಧ ಪಾದಕ್ಕೆ ಯಾವ ಶೂ ಹಾಕುತ್ತಾರೆ ಎಂದು. ಅವಳ ತೋಳು ಹಿಡಿದು ಬಸ್ಸು ಹತ್ತಿಸಿದೆ.

ಆಗಸ್ಟ್ ೮, ಗುರುವಾರ

ಎರಡು ತುಂಡು ಬ್ರೆಡ್ಡು, ಹಗಲು ಹೊತ್ತಿನಲ್ಲಿ, ನಾನು ಬಂದರಿನಲ್ಲಿದ್ದಾಗ. ಅವಳೇ ಹೇಳಿದಳು. ಚಳಿ ಇತ್ತು, ಬೇಜಾರಾಗಿತ್ತು ಎಂದಳು. ಆ ಹುಡುಗಿಯ ಪುಸ್ತಕದಲ್ಲಿ ಬರೆದೆ. ಸಾರು ಬಿಸಿ ಮಾಡಿದೆ.

ಆಗಸ್ಟ್ ೧೫, ಗುರುವಾರ

ಅಬ್ದೋನ್ ಇವತ್ತು ತನ್ನ ಹೆಂಡತಿಯ ಕೊನೆಯ ದಿನದ ಕಥೆ ಹೇಳಿದ. ನಾಲ್ಕು ವರ್ಷದಲ್ಲಿ ಎರ್ಸಿರಾ ಅದನ್ನು ಎಷ್ಟು ಸಲ ಕೇಳಿದ್ದಾಳೋ. ನನಗೆ ಮೊದಲನೆಯ ಸಲ. ಏನು ಉಂಡೆವೆಂದು ಬರೆಯಲು ಹೊರಟರೆ ನೆನಪಾಗುತ್ತಿಲ್ಲ. ಎರ್ಸಿರಾಳನ್ನು ಕೇಳಬೇಕು.

ಆಗಸ್ಟ್ ೨೬, ಸೋಮವಾರ

ಬೂದಿ ಬಣ್ಣದ ಅಂಚು ಹಾಗೇ ಇದೆ. ಮೂರು ದಿನದಿಂದ ಅವಳಿಗೆ ಊಟ ಸೇರುತ್ತಿಲ್ಲ. ಏನು ಮಾಡಿದರೂ ಎರಡು ಚಮಚ.

ಇವತ್ತು ಅವಳು ಅತ್ತಳು. ಬೆರಳಿಗಾಗಿ ಅಲ್ಲ, ನಿನ್ನ ಮೇಲೆ ಭಾರ ಹಾಕುತ್ತೇನಲ್ಲ ಎಂದು. ಆಗ ಆರು ವರ್ಷದ ಸಾಕ್ಷಿಯ ವಿಷಯ ಎತ್ತಿದೆ. ರಾತ್ರಿ ಏನೂ ತಿನ್ನುವುದಿಲ್ಲವೆಂದು ಪ್ರತಿ ಸಲ ಹೇಳಿದವನು ನಾನು, ನಿನ್ನ ಬೆರಳು ಹೋದದ್ದು ನನ್ನ ಬಾಯಿಂದ ಎಂದೆ.

"ನಾನೂ ಅಲ್ಲೇ ಕೂತಿದ್ನಲ್ಲ," ಅಂದಳು. "ನಂಗೂ ಬಾಯಿತ್ತು. ನೀನು ಹೇಳ್ತಿದ್ದೆ, ನಂಗೆ ಹಾಯಾಗಿತ್ತು. ಅವರು ಬ್ರೆಡ್ ಕೇಳ್ಲಿಲ್ಲ ಅಂತ ಬಸ್ಸಲ್ಲಿ ಬರ್ತಾ ಒಳಗೊಳಗೇ ಖುಷಿ ಪಡ್ತಿದ್ದೆ."

ಸಾರು ಆರಿಹೋಗಿತ್ತು. ಮತ್ತೆ ಬಿಸಿ ಮಾಡಿದೆ. ಅರ್ಧ ಬಟ್ಟಲು ಕುಡಿದಳು.

ಸೆಪ್ಟೆಂಬರ್ ೩, ಮಂಗಳವಾರ

ಬೂದಿ ಬಣ್ಣ ಕಡಿಮೆ ಆದ ಹಾಗಿದೆ. ಅಥವಾ ದೀಪದ ಬೆಳಕು. ಅಬ್ದೋನ್ ಕನ್ನಡಕ ಹಾಕಿಕೊಂಡು ನೋಡಿ, ಕಡಿಮೆಯಾಗಿದೆ ಎಂದು ಆಣೆ ಮಾಡಿದ. ಅವನ ಕನ್ನಡಕದ ಒಂದು ಗಾಜೇ ಇಲ್ಲ.

ಸೆಪ್ಟೆಂಬರ್ ೧೦, ಮಂಗಳವಾರ

ರಜೆ ಹಾಕಿ ಜೊತೆಗೆ ಹೋದೆ. ಮೊದಲು ಶಸ್ತ್ರವೈದ್ಯರು. ಪಟ್ಟಿ ಬಿಚ್ಚಿ, ಬೆರಳಿದ್ದ ಜಾಗವನ್ನು ಒತ್ತಿ, ಸುತ್ತ ಒತ್ತಿ ನೋಡಿದರು. ನೋಯುತ್ತದೆ ಎಂದಳು. ಅವರು ಮೊದಲ ಸಲ ನಕ್ಕರು. ಗಾಯ ಮುಚ್ಚಿಕೊಂಡಿದೆ, ಪಾದ ಉಳಿಯುತ್ತದೆ, ಸಕ್ಕರೆ ಮತ್ತೆ ಏರಿದರೆ ಮತ್ತೆ ಇದೇ ಕಥೆ, ದಿನಾ ಸ್ವಲ್ಪ ನಿಧಾನವಾಗಿ ನಡೆಯಿರಿ ಎಂದರು. ನಾನು ಹೊರಗೆ ಬಂದು ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತೆ. ಕಣ್ಣಿನ ನೀರು ನಿಲ್ಲಲಿಲ್ಲ.

ಅಲ್ಲಿಂದ ಗುಡ್ಡದ ಮೇಲಿನ ಕೇಂದ್ರಕ್ಕೆ. ಯುಸ್ಮಾರಿ ಕಡತ ತೆರೆದು, ಅಭ್ಯಾಸದಂತೆ ನನ್ನ ಕಡೆ ತಿರುಗಿ, ಈ ವಾರ ರಾತ್ರಿ ಏನೇನು ಎಂದಳು. ಪುಸ್ತಕ ಮನೆಯಲ್ಲೇ ಮರೆತಿದ್ದೆ. ಎರ್ಸಿರಾಳ ಕಡೆ ನೋಡಿದೆ. ಅವಳು ಗಂಟಲು ಸರಿಮಾಡಿಕೊಂಡಳು.

"ನಿನ್ನೆ ಮಸೂರ, ಮೊನ್ನೆ ಮಾಡಿದ್ದು," ಅಂದಳು. "ಅದ್ರ ಜೊತೆ ಅರ್ಧ ಬ್ರೆಡ್. ಶನಿವಾರ ಅಬ್ದೋನ್ ಮನೇಲಿ ಪೂರ್ತಿ ಒಂದು, ಇವನಿಗೆ ಗೊತ್ತಿಲ್ಲ."

ಗೊತ್ತಿತ್ತು.

ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ಸೂಪು ಹೇಗೆ ತೆಳ್ಳಗಿಡಬೇಕು, ಕೊತ್ತಂಬರಿ ಯಾವಾಗ ಹಾಕಬೇಕು, ಒಬ್ಬಳೇ ಕೂತು ತಿನ್ನಬೇಕೆಂದು ರೋಗಿಗೆ ಹೇಳುವವರಿಗೆ ಬುದ್ಧಿ ಎಷ್ಟಿರಬೇಕು, ಎಲ್ಲ ಬಂತು. ಆ ಹುಡುಗಿ ತನ್ನ ಬಾಡಿಗೆ ಕೋಣೆಯಲ್ಲಿ ತಾನೂ ಒಬ್ಬಳೇ ನಿಂತುಕೊಂಡು ಉಣ್ಣುವುದಾಗಿ ಹೇಳಿದಳು. ಎರ್ಸಿರಾ ತಕ್ಷಣ, ಬುಧವಾರ ಏಳು ಗಂಟೆಗೆ ಬಾ, ಚಾರ್ಕಿಕಾನ್ ಇರುತ್ತದೆ ಎಂದು ಮನೆಯ ಗುರುತು ಹೇಳತೊಡಗಿದಳು: ನೀಲಿ ಬಾಗಿಲು, ಪಕ್ಕದಲ್ಲಿ ಕುಂಟು ನಾಯಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತಟ್ಟಿದರು.

ಅವಳ ಮಾತು ಮುಗಿಯುವಷ್ಟರಲ್ಲಿ ಹನ್ನೆರಡರ ಬಸ್ಸು ಹೋಗಿತ್ತು. ಮುಂದಿನದು ಒಂದೂವರೆಗೆ. ನಾನು ಗೊಣಗಿದೆ. ಅವಳು ನನ್ನ ತೋಳು ಹಿಡಿದುಕೊಂಡು ಗುಡ್ಡ ಇಳಿಯಲು ಶುರು ಮಾಡಿದಳು. ದಾರಿಯಲ್ಲಿ ಮೂರು ಕಡೆ ನಿಂತೆವು. ಕಾಲು ನೋಯುತ್ತದೆ, ಐದೂ ಬೆರಳು ನೋಯುತ್ತವೆ, ಇಲ್ಲದ್ದೂ ನೋಯುತ್ತದೆ ಎಂದಳು. ಮನೆಗೆ ಬರಲು ಒಂದು ಗಂಟೆ ಹಿಡಿಯಿತು. ಪೂರ್ತಿ ದಾರಿ ನಡೆದೇ ಬಂದಳು.